ಮೂಲೆಗಿಟ್ಟ ಪ್ರಿಂಟರಿನ ಎರಡು ಹಾಳೆ

ಆ ಬೆಳಗ್ಗೆ ಮೋಡ ಸುರಿಯಲೂ ಇಲ್ಲ, ಸರಿಯಲೂ ಇಲ್ಲ. ಒದ್ದೆ ಕಂಬಳಿಯ ಹಾಗೆ ಊರಿನ ಮೇಲೆ ಬಿದ್ದುಕೊಂಡಿತ್ತು. ಎಲೆ ಅಲುಗದು, ಹರವಿದ ಬಟ್ಟೆ ಒಣಗದು. ರಕ್ತಪರೀಕ್ಷೆಯ ಲ್ಯಾಬಿನ ಸ್ಟೋರ್ ರೂಮಿನಲ್ಲಂತೂ ಗೋಡೆ ಮುಟ್ಟಿದರೆ ಅಂಗೈಗೆ ತಣ್ಣನೆಯ ಬೆವರು ಹತ್ತುತ್ತಿತ್ತು.

“ಇಂಥಾ ಹವೆಗೆ ಹಾಳೆ ಮೆತ್ತಗಾಗಿಬಿಡುತ್ತೆ ಅಕ್ಕ. ಒಳಗೆ ಹೋದದ್ದು ಹೊರಗೆ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ,” ಎಂದ ಸ್ಕ್ರೂ.

“ಒಳಗೆ ಹೋದ ಮನುಷ್ಯನನ್ನ ಹೊರಗೆ ತರೋಕೆ ಬಂದಿದೀವಿ ಕಣೋ. ಹಾಳೆಗೆ ಹೆದರಿದ್ರೆ ಆಗುತ್ತಾ? ಎಳಿ ಈಚೆಗೆ.”

ಮುರಿದ ಕುರ್ಚಿ, ಖಾಲಿ ಔಷಧದ ಡಬ್ಬಗಳ ಹಿಂದಿನಿಂದ ಸ್ಕ್ರೂ ಆ ಹಳೇ ಲೇಸರ್ ಪ್ರಿಂಟರನ್ನು ತಬ್ಬಿಕೊಂಡು ಎಳೆದು ತಂದ. ಊರಿನ ಕಚೇರಿಗಳ ಯಂತ್ರಗಳನ್ನೆಲ್ಲ ರಿಪೇರಿ ಮಾಡುವವನು ಅವನು. ಕಿವಿಯ ಮೇಲೆ ಸದಾ ಒಂದು ಸ್ಕ್ರೂಡ್ರೈವರ್ ಇರುತ್ತಿದ್ದರಿಂದ ಬಂದ ಹೆಸರು. ನಿಜವಾದ ಹೆಸರು ಅವನ ತಾಯಿಗೂ ಮರೆತಿರಬೇಕು.

ಎದುರಿಗೆ ನೆಲದ ಮೇಲೆ, ಮಂಡಿನೋವನ್ನು ನುಂಗಿಕೊಂಡು ಕೂತಿದ್ದವರು ಭೂತಗನ್ನಡಿಯಮ್ಮ. ದಸ್ತಾವೇಜುಗಳ ಅಸಲಿ ನಕಲಿ ನೋಡುವ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕಾಗದ ಓದಿ ನಿವೃತ್ತರಾದವರು. ಅಕ್ಷರವನ್ನಲ್ಲ, ಕಾಗದವನ್ನು. ಕೊರಳಿನ ದಾರದಲ್ಲಿ ಆ ಗಾಜು ಇನ್ನೂ ತೂಗುತ್ತಿತ್ತು.

ಅವರು ಯಂತ್ರದ ಮೈ ಮೇಲೆ ಕೈಯಿಟ್ಟು ಒಂದು ಗಳಿಗೆ ಕಣ್ಣು ಮುಚ್ಚಿದರು. ಏನು ಕೇಳಿಕೊಂಡರೋ ಅವರಿಗೂ ಅವರ ದೇವರಿಗೂ ಗೊತ್ತು.

ನಡೆದದ್ದು ಇಷ್ಟು: ಹದಿಮೂರನೇ ತಾರೀಕು ಸಂಜೆ ಈ ಲ್ಯಾಬಿನಿಂದ ಪಕ್ಕದ ಹೆರಿಗೆ ಆಸ್ಪತ್ರೆಗೆ ಹೋದ ವರದಿಯಲ್ಲಿ ರಕ್ತದ ಗುಂಪು ತಪ್ಪಾಗಿತ್ತು, ಅವರೂ ಅವಸರದಲ್ಲಿ ಇನ್ನೊಮ್ಮೆ ತಾಳೆ ನೋಡದೆ ರಕ್ತ ಏರಿಸಿದರು, ಬೆಳಗಾಗುವಷ್ಟರಲ್ಲಿ ಒಬ್ಬ ಬಾಣಂತಿ ಕಣ್ಣು ಮುಚ್ಚಿದಳು. ವರದಿಯ ಅಡಿಯಲ್ಲಿ ಸಹಿ ಇದ್ದ ಟೆಕ್ನೀಷಿಯನ್ ಹತ್ತು ದಿನದಿಂದ ಕಂಬಿ ಎಣಿಸುತ್ತಿದ್ದ.

ಅವನನ್ನು ಊರಿನ ಮಕ್ಕಳೆಲ್ಲ ಇರುವೆ ಮಾಮ ಅನ್ನುತ್ತಿದ್ದರು. ಪುಟ್ಟ ತೋಳಿಗೆ ಸೂಜಿ ಚುಚ್ಚುವ ಮುಂಚೆ, “ಒಂದೇ ಒಂದು ಇರುವೆ ಕಚ್ಚುತ್ತೆ, ಎಲ್ಲಿದೆ ಹುಡುಕು ನೋಡೋಣ,” ಎನ್ನುತ್ತಿದ್ದ. ಮಗು ಇರುವೆ ಹುಡುಕುವುದರೊಳಗೆ ಕೆಲಸ ಮುಗಿದಿರುತ್ತಿತ್ತು.

ಇವತ್ತು ಮಧ್ಯಾಹ್ನ ಮೂರಕ್ಕೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ. ಆ ವರದಿ ಮುದ್ರಿಸಿದ್ದು ಅವನಲ್ಲ ಎಂದು ತೋರಿಸಲು ಅಷ್ಟರೊಳಗೆ ಒಂದು ಎಳೆಯಾದರೂ ಸಿಗದಿದ್ದರೆ ದೊಡ್ಡ ಜೈಲು. ಆಮೇಲೆ ವಿಚಾರಣೆ ಎಷ್ಟು ವರ್ಷ ಎಳೆಯುತ್ತದೋ ಬಲ್ಲವರಿಲ್ಲ.

ಗೋಡೆಯ ಗಡಿಯಾರ ಹತ್ತೂಕಾಲು ತೋರಿಸುತ್ತಿತ್ತು.

“ಸಹಿ ಅವನದೇ ಅಲ್ವಾ ಮೇಡಂ?” ಬಾಗಿಲಲ್ಲಿ ನಿಂತಿದ್ದ ಇನ್‌ಸ್ಪೆಕ್ಟರು ಕೇಳಿದರು. ಕೆಟ್ಟ ಮನುಷ್ಯರೇನಲ್ಲ. ಕಂಡದ್ದು ಕೇಳಿದ್ದು ಎಲ್ಲವನ್ನೂ ಪುಟ್ಟ ಪುಸ್ತಕದಲ್ಲಿ ಬರೆಯುವವರು; ಒಮ್ಮೆ ಬರೆದದ್ದನ್ನು ಹೊಡೆದು ಹಾಕಲು ಮಾತ್ರ ಅವರಿಂದಾಗದು.

“ಸಹಿ ಅವನದೇ. ಆದ್ರೆ ಅದು ಬೆಳಗಿನ ಸಹಿ.”

ಅದು ಈ ಲ್ಯಾಬಿನ ರೂಢಿ. ಪ್ರತಿ ವರದಿಗೂ ಸಹಿ ಮಾಡಲು ಗವಸು ಕಳಚಬೇಕು, ಮತ್ತೆ ತೊಡಬೇಕು. ಅದಕ್ಕೆ ಇರುವೆ ಮಾಮ ಬೆಳಗ್ಗೆ ಬಂದವನೇ ಕೈತೊಳೆದು, ಗವಸು ಹಾಕುವ ಮುಂಚೆ ಮೂವತ್ತು ಖಾಲಿ ಹಾಳೆಗಳ ಅಡಿಯಲ್ಲಿ ಸಾಲಾಗಿ ಸಹಿ ಮಾಡಿ ಇಟ್ಟುಬಿಡುತ್ತಿದ್ದ. ಪರೀಕ್ಷೆ ಮುಗಿದಂತೆಲ್ಲ ಪುಸ್ತಕದಲ್ಲಿ ಬರೆಯುವುದು. ಸಂಜೆ ಅವನಿಗೋ ಡಾಕ್ಟರಿಗೋ ಬಿಡುವಾದಾಗ ಆ ಸಹಿ ಇದ್ದ ಹಾಳೆಗಳ ಮೇಲೆ ಮುದ್ರಿಸುವುದು. ಹದಿನಾಲ್ಕು ವರ್ಷ ಹೀಗೇ ನಡೆದಿತ್ತು.

“ಪುಸ್ತಕದಲ್ಲಿ ಅವನು ‘ಓ’ ಅಂತ ಬರೆದಿದಾನೆ. ವರದಿಯಲ್ಲಿ ‘ಬಿ’ ಬಂದಿದೆ,” ಎಂದರು ಭೂತಗನ್ನಡಿಯಮ್ಮ.

“ಪುಸ್ತಕದಲ್ಲಿ ಆಮೇಲೆ ಬರೆದಿರಬಹುದು. ಪರೀಕ್ಷೆ ಮಾಡದೇ ವರದಿ ಕೊಟ್ಟು, ಸಾವಾದ ಮೇಲೆ ತಿದ್ದಿರಬಹುದು.”

“ಇರಬಹುದು. ಅದಕ್ಕೇ ಪುಸ್ತಕ ಬಿಟ್ಟು ಹಾಳೆ ನೋಡ್ತಿದೀನಿ.”

ಅವರು ಚೀಲದಿಂದ ಆ ವರದಿಯ ನಕಲು ತೆಗೆದು ಗಾಜು ಹಿಡಿದರು. ಎಡ ಅಂಚಿನಲ್ಲಿ, ಮೇಲಿಂದ ಕೆಳಗೆ, ಸಾಸಿವೆಗಿಂತ ಸಣ್ಣ ಮೂರು ಕಪ್ಪು ಚುಕ್ಕೆ. ಒಂದರಿಂದ ಒಂದಕ್ಕೆ ಸರಿಯಾಗಿ ಒಂಬತ್ತೂವರೆ ಸೆಂಟಿಮೀಟರು.

“ಲೇಸರ್ ಪ್ರಿಂಟರಿನ ಹೊಟ್ಟೇಲಿ ಒಂದು ಉರುಳೆ ಇರುತ್ತೆ. ಅದರ ಮೈಗೆ ಗೀರು ಬಿದ್ರೆ, ಅದು ಒಂದು ಸುತ್ತು ತಿರುಗಿದಾಗೆಲ್ಲ ಹಾಳೆ ಮೇಲೆ ಒಂದು ಚುಕ್ಕೆ. ಯಂತ್ರದ ಮಚ್ಚೆ ಅನ್ಕೊಳ್ಳಿ. ಹೊಸ ಪ್ರಿಂಟರಿಗೆ ಈ ಮಚ್ಚೆ ಇಲ್ಲ. ಅದೂ ಅಲ್ದೆ ಹೊಸದು ಪ್ರತಿ ಹಾಳೆಯ ಅಡಿಗೆ ಕ್ರಮಸಂಖ್ಯೆ ಒತ್ತುತ್ತೆ, ಯಾವಾಗ ಏನು ಮುದ್ರಿಸ್ತು ಅಂತ ನೆನಪಿಟ್ಕೊಳ್ಳುತ್ತೆ. ಈ ವರದಿ ಮೇಲೆ ಸಂಖ್ಯೆ ಇಲ್ಲ. ಯಾರಿಗೋ ನೆನಪಿರದ ಯಂತ್ರ ಬೇಕಿತ್ತು.”

“ಹಚ್ಚಲಾ ಅಕ್ಕ?” ಸ್ಕ್ರೂ ವಿದ್ಯುತ್ತಿನ ತಂತಿ ಚುಚ್ಚಿದ.

ಯಂತ್ರ ಮುದುಕನಂತೆ ಕೆಮ್ಮಿತು. ಹಸಿರು ದೀಪ ಮಿನುಗಿತು. ಕಂಪ್ಯೂಟರ್ ಇಲ್ಲದೆಯೂ ಅದು ತನ್ನ ಜಾತಕ ತಾನೇ ಬರೆದುಕೊಡಬಲ್ಲದು. ಒಂದು ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಬೇಕು, ಅಷ್ಟೇ. ಸ್ಕ್ರೂ ಒತ್ತಿ ಹಿಡಿದ. ಒದ್ದೆ ಹಾಳೆ ನರಳುತ್ತ ಒಳಗೆ ಹೋಗಿ, ಬೆಚ್ಚಗೆ, ಸೊಟ್ಟಗೆ ಹೊರಬಂತು.

ಎಡ ಅಂಚಿನಲ್ಲಿ ಮೂರು ಚುಕ್ಕೆ.

“ದೇವರು ದೊಡ್ಡವನು,” ಎಂದ ಸ್ಕ್ರೂ.

“ಇರು, ಇನ್ನೂ ಇದೆ.” ಅವರು ಹಾಳೆಯ ನಡುವಿನ ಒಂದು ಅಂಕಿಯ ಮೇಲೆ ಗಾಜು ನಿಲ್ಲಿಸಿದರು. ಹುಟ್ಟಿದಾಗಿನಿಂದ ಈವರೆಗೆ ಆ ಯಂತ್ರ ಮುದ್ರಿಸಿದ ಪುಟಗಳ ಸಂಖ್ಯೆ ಅದು: ೮೪೩೧೫.

“ಈಗ ಟ್ರೇ ಮುಚ್ಚಳ ತೆಗಿ.”

ಲ್ಯಾಬಿನವರಿಗೆ ಕಂಡದ್ದನ್ನೆಲ್ಲ ಬರೆದಿಡುವ ಚಾಳಿ. ಫ್ರಿಡ್ಜಿನ ಬಾಗಿಲ ಮೇಲೆ ಬೆಳಗಿನ ತಂಪೆಷ್ಟು, ಸಂಜೆಯ ತಂಪೆಷ್ಟು. ಪ್ರಿಂಟರಿನ ಟ್ರೇ ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನ ಸಾಲು ಸಾಲು ಪುಟಸಂಖ್ಯೆ. ಎಲ್ಲ ಇರುವೆ ಮಾಮನ ದುಂಡು ಕೈಬರಹ. ಕೊನೆಯ ಸಾಲು: ಎರಡನೇ ತಾರೀಕು, ೮೪೩೧೨, ನಿವೃತ್ತಿ. ಆಮೇಲೆ ಒಂದು ಪುಟ್ಟ ನಗುಮುಖ.

ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. ಬೆರಳು ಮಡಿಸಿದರು.

“ಈಗ ಬಂದದ್ದು ಒಂದು. ಅದನ್ನ ಬಿಟ್ರೆ ನಿವೃತ್ತಿ ಆದ ಮೇಲೆ ಎರಡು ಹಾಳೆ.”

“ಒಂದು, ಸರಿಯಾಗಿ ಬರುತ್ತೋ ಇಲ್ವೋ ನೋಡೋಕೆ,” ಎಂದರು ಭೂತಗನ್ನಡಿಯಮ್ಮ. “ಇನ್ನೊಂದು ಆ ಹೆಣ್ಣುಮಗಳಿಗೆ.”

ಇನ್‌ಸ್ಪೆಕ್ಟರು ಪುಸ್ತಕ ತೆರೆದು ಎರಡೂ ಸಂಖ್ಯೆಗಳನ್ನು ಬರೆದುಕೊಂಡರು. ಪ್ರಿಂಟರಿನ ಪಂಖ ಗುಂಯ್‌ಗುಡುತ್ತಿತ್ತು.

*

ಪ್ರಿಂಟರನ್ನು ಹೊತ್ತು ಮುಂದಿನ ಕೋಣೆಗೆ ಬಂದಾಗ ಡಾಕ್ಟರು ಹೊಸ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದರು. ಲ್ಯಾಬು ಅವರದು. ತಲೆ ಪೂರ್ತಿ ನರೆತ, ಅಂಗಿಯ ಗುಂಡಿ ಒಂದೂ ತಪ್ಪದ ಮನುಷ್ಯ.

ಆ ಕೋಣೆಗೂ ಹೊರಗಿನ ಬೆಂಚಿನ ಜಾಗಕ್ಕೂ ನಡುವೆ ಒಂದು ಕಿಂಡಿ ಇತ್ತು. ರಕ್ತ ಮೂತ್ರದ ಸೀಸೆಗಳನ್ನು ಅದರಲ್ಲೇ ಒಳಗೆ ಕೊಡುವುದು. ಕಿಂಡಿಯಾಚೆ ಬೆಂಚಿನ ಮೇಲೆ ಇರುವೆ ಮಾಮನ ಹೆಂಡತಿ ಕೂತಿದ್ದಳು. ಬಟ್ಟೆ ಹೊಲಿಯುವವಳು. ಹೊರಟ ಅವಸರದಲ್ಲಿ ಅಳತೆ ಟೇಪು ಕೊರಳಲ್ಲೇ ಉಳಿದುಬಿಟ್ಟಿತ್ತು. ಮಡಿಲಲ್ಲಿ ಒಂದು ಬಟ್ಟೆ ಚೀಲ.

“ಏನಾದ್ರೂ ಸಿಕ್ತಾ ಅಮ್ಮ?” ಅವಳು ಕಿಂಡಿಯಿಂದಲೇ ಕೇಳಿದಳು. ಕೇಳಿ ಉತ್ತರಕ್ಕೆ ಹೆದರಿದವಳಂತೆ ಕಣ್ಣು ಇಳಿಸಿದಳು.

“ಸಿಗ್ತಾ ಇದೆ ತಾಯಿ. ರಾತ್ರಿ ಊಟಕ್ಕೆ ಎರಡು ತಟ್ಟೆ ಹಾಕು.”

ಆಡಿದ ಮೇಲೆ ಭೂತಗನ್ನಡಿಯಮ್ಮ ಕೊರಳಿನ ಗಾಜನ್ನು ಹಿಡಿದುಕೊಂಡರು. ಮೂವತ್ತು ವರ್ಷ ಅವರು ಯಾರಿಗೂ ಮಾತು ಕೊಟ್ಟವರಲ್ಲ. ಕಾಗದ ಏನು ಹೇಳುತ್ತದೋ ಅಷ್ಟು ಹೇಳಿ ಎದ್ದು ಬಂದವರು. ಈ ಹೆಣ್ಣುಮಗಳ ಮುಖ ನೋಡಿ ನಾಲಗೆ ಜಾರಿತ್ತು.

“ಡಾಕ್ಟರೇ, ಹದಿಮೂರನೇ ತಾರೀಕು ನೀವು ಎಷ್ಟು ಹೊತ್ತಿಗೆ ಮನೆಗೆ ಹೋದ್ರಿ?”

“ಎಷ್ಟು ಸಲ ಹೇಳಬೇಕು? ಆರಕ್ಕೆ. ಅವನು ಇಲ್ಲೇ ಇದ್ದ.”

“ಅವನೂ ಆರಕ್ಕೇ ಹೋದೆ ಅಂತಾನೆ. ಪುಸ್ತಕ ನಿಮ್ಮ ಮೇಜಿನ ಮೇಲೆ ಇಟ್ಟು, ನಿಮಗೆ ಹೇಳಿ ಹೋದೆ ಅಂತಾನೆ.”

“ಜೈಲಲ್ಲಿ ಕೂತೋರು ಏನು ಬೇಕಾದ್ರೂ ಅಂತಾರೆ.”

“ಸರಿ. ಆ ವರದಿ ನಿಮ್ಮ ಹಳೇ ಪ್ರಿಂಟರಿಂದ ಬಂದದ್ದು. ಈಗ ತಾನೇ ತಾಳೆ ನೋಡಿದ್ವಿ.”

ಡಾಕ್ಟರು ನಕ್ಕರು. ನಗು ಬಾಯಿಯಲ್ಲೇ ನಿಂತಿತು, ಕಣ್ಣಿಗೆ ಏರಲಿಲ್ಲ.

“ಅಮ್ಮ, ನಿಮಗೆ ವಯಸ್ಸಾಯ್ತು. ಹಳೇ ಕಂಪ್ಯೂಟರ್ ಎರಡನೇ ತಾರೀಕು ಸತ್ತುಹೋಯ್ತು, ಗುಜರಿಗೆ ಹೋಯ್ತು. ಆ ಪ್ರಿಂಟರ್ ಬಾಲ ಸಿಕ್ಕಿಸೋಕೆ ಈ ಹೊಸ ಕಂಪ್ಯೂಟರಲ್ಲಿ ತೂತೇ ಇಲ್ಲ. ಬೇಕಾದ್ರೆ ಹಿಂದೆ ತಿರುಗಿಸಿ ನೋಡಿ. ನಾಲಗೆ ಕಿತ್ತ ಯಂತ್ರ ಅದು. ಹೇಗೆ ಮಾತಾಡುತ್ತೆ?”

“ಅದನ್ನೇ ನೋಡೋಣ ಅಂತ. ಸ್ಕ್ರೂ, ಶುರು ಮಾಡು.”

ಸ್ಕ್ರೂ ಹೆಗಲ ಚೀಲದಿಂದ ಒಂದು ಕೇಬಲ್ಲು ತೆಗೆದ. ಒಂದು ತುದಿ ಹಸುವಿನ ಮೂತಿಯಂತೆ ಅಗಲ, ಎರಡು ಕಡೆ ಕೊಕ್ಕೆ. ಇನ್ನೊಂದು ತುದಿ ಇಲಿಯ ಮೂತಿಯಂತೆ ಚಿಕ್ಕದು. ನಡುವೆ ಒಂದು ಕಪ್ಪು ಗಂಟು. ಗಂಟಿನ ಮೇಲೆ ಗಾಯದ ಪಟ್ಟಿ ಅಂಟಿಸಿ ಪೆನ್ನಿನಲ್ಲಿ ‘೧’ ಎಂದು ಬರೆದಿತ್ತು.

“ಈ ಗಂಟೇ ದುಭಾಷಿ ಸಾರ್. ಹಳೇದರ ಮಾತು ಹೊಸದಕ್ಕೆ, ಹೊಸದರ ಮಾತು ಹಳೇದಕ್ಕೆ.”

ಅಗಲ ಮೂತಿ ಪ್ರಿಂಟರಿನ ಬೆನ್ನಿಗೆ ಕಚ್ಚಿಕೊಂಡಿತು. ಇಲಿ ಮೂತಿ ಕಂಪ್ಯೂಟರಿನ ಪಕ್ಕೆಗೆ ಹೊಕ್ಕಿತು. ಟಿಣ್ ಎಂದು ಸದ್ದಾಯಿತು. ತೆರೆಯ ಮೂಲೆಯಲ್ಲಿ, ಗುರುತಿಲ್ಲದ ಉಪಕರಣ ಎಂದು ಬಂತು.

“ನೋಡಿದ್ರಾ?” ಎಂದರು ಡಾಕ್ಟರು.

“ಹೊಸ ಸೊಸೆ ಸಾರ್, ಮೊದಲ ದಿನ ಅಜ್ಜನ ಗುರುತು ಹೇಗೆ ಸಿಗುತ್ತೆ?” ಸ್ಕ್ರೂ ಕೀಲಿಮಣೆ ಎಳೆದುಕೊಂಡ. “ಇದನ್ನ ಮಾತಾಡಿಸೋಕೆ ಡ್ರೈವರ್ ಅಂತ ಒಂದು ಪ್ರೋಗ್ರಾಂ ಬೇಕು. ಹೊಸ ಕಂಪ್ಯೂಟರಿಗೆ ಹೊಂದೋ ಹಾಗೆ ಕಂಪನಿಯವರು ಈ ಮಾಡೆಲ್‌ದು ಮಾಡೇ ಇಲ್ಲ. ಸತ್ತೋಯ್ತು ಅಂತ ಕೈತೊಳ್ಕೊಂಡಿದಾರೆ.”

“ಹಂಗಾದ್ರೆ ಮುಗೀತಲ್ಲ,” ಎಂದರು ಇನ್‌ಸ್ಪೆಕ್ಟರು. ಗಡಿಯಾರ ನೋಡಿದರು. ಹನ್ನೊಂದೂಮುಕ್ಕಾಲು.

“ಇದೇ ಮನೆತನದ ಬೇರೆಯವರು ಇದಾರೆ ಸಾರ್. ಅವರ ಹೆಸರು ಹೇಳಿದ್ರೆ ಕೆಲವು ಸಲ ಇದು ಓಗೊಡುತ್ತೆ. ಮೊದಲು ತಮ್ಮನ ಹೆಸರು ಕೊಡ್ತೀನಿ.”

ತಮ್ಮನ ಹೆಸರು ಕೊಟ್ಟ. ಮುದ್ರಿಸು ಎಂದ. ಯಂತ್ರ ಹಾಳೆ ಎಳೆದುಕೊಂಡಿತು, ಅರ್ಧಕ್ಕೆ ನಿಂತಿತು, ಕರಕರ ಎಂದಿತು. ಕೆಂಪು ದೀಪ. ಸ್ಕ್ರೂ ಮುಚ್ಚಳ ತೆರೆದು, ಮಡಿಚಿ ಸಿಕ್ಕಿಕೊಂಡಿದ್ದ ಒದ್ದೆ ಹಾಳೆಯನ್ನು ಬೆರಳ ತುದಿಯಿಂದ ಬಿಡಿಸಿ ತೆಗೆದ. ಅದರ ಮೇಲೆ ತಲೆಬುಡವಿಲ್ಲದ ಗುರುತುಗಳು ಅಡ್ಡಾದಿಡ್ಡಿ ಚೆಲ್ಲಿದ್ದವು.

ಮತ್ತೊಂದು ಹಾಳೆ. ಮತ್ತೆ ಅದೇ ಚೆಲ್ಲಾಪಿಲ್ಲಿ.

ಕಿಂಡಿಯಾಚೆಯ ಮುಖ ಪ್ರತಿ ಸಲ ಯಂತ್ರ ಸದ್ದು ಮಾಡಿದಾಗ ಮೇಲೇಳುತ್ತಿತ್ತು, ನಿಂತಾಗ ಇಳಿಯುತ್ತಿತ್ತು. ಭೂತಗನ್ನಡಿಯಮ್ಮ ಆ ಕಡೆ ನೋಡುವುದನ್ನು ಬಿಟ್ಟರು. ಇರುವ ಒಂದು ಮಧ್ಯಾಹ್ನ ಹನಿಹನಿಯಾಗಿ ಸೋರಿಹೋಗುತ್ತಿದೆ, ಹಿಡಿಯಲು ಬೊಗಸೆಯಿಲ್ಲ ಎನಿಸಿತು. ಹೊರಗೆ ಮೋಡ ಹಾಗೇ ಬಿದ್ದುಕೊಂಡಿತ್ತು.

“ಅಣ್ಣನ ಹೆಸರು ಕೊಡು,” ಎಂದರು ಮೆಲ್ಲಗೆ.

“ಅಣ್ಣ ಇದಕ್ಕಿಂತ ಹತ್ತು ವರ್ಷ ಹಳಬ ಅಕ್ಕ.”

“ಚಿಕ್ಕವರು ದೊಡ್ಡವರ ಮಾತು ಕೇಳಿಯೇ ಮಾತು ಕಲಿಯೋದು. ಕೊಡು.”

ಸ್ಕ್ರೂ ಉದ್ದನೆಯ ಪಟ್ಟಿಯಲ್ಲಿ ಕೆಳಗಿಳಿದು, ಅಣ್ಣನ ಹೆಸರನ್ನು ಒತ್ತಿ, ಮುಂದೆ ಎಂಬಲ್ಲಿ ಒತ್ತಿದ.

ಒತ್ತಿದವನು ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ.

“ಅಕ್ಕ... ಇಲ್ಲಿ ಬನ್ನಿ.”

ತೆರೆಯ ಮೇಲೆ ಎರಡು ಸಾಲು. ಈ ಡ್ರೈವರ್ ಈ ಕಂಪ್ಯೂಟರಿನಲ್ಲಿ ಆಗಲೇ ಇದೆ. ಇರುವುದನ್ನೇ ಬಳಸಬೇಕೆ, ಬದಲಿಸಬೇಕೆ?

“ಹಂಗಂದ್ರೆ?” ಇನ್‌ಸ್ಪೆಕ್ಟರು ಪೆನ್ನು ತೆಗೆದರು.

“ಹಂಗಂದ್ರೆ ನನಗಿಂತ ಮುಂಚೆ ಯಾರೋ ಇದೇ ದಾರೀಲಿ ನಡೆದಿದಾರೆ ಸಾರ್. ಇದೇ ಅಣ್ಣನ ಹೆಸರು ಕೊಟ್ಟಿದಾರೆ. ಕೆಲಸ ಮುಗಿದ ಮೇಲೆ ಪಟ್ಟಿಯಿಂದ ಪ್ರಿಂಟರ್ ಹೆಸರು ಅಳಿಸಿದಾರೆ. ಪ್ರಿಂಟರ್ ಅಳಿಸಿದ್ರೂ ಡ್ರೈವರ್ ಒಳಗೇ ಉಳ್ಕೊಳ್ಳುತ್ತೆ, ಅದು ಅವರಿಗೆ ಗೊತ್ತಿರಲಿಲ್ಲ.”

“ಯಾವತ್ತು?” ಭೂತಗನ್ನಡಿಯಮ್ಮ ತೆರೆಯ ಹತ್ತಿರಕ್ಕೆ ಬಗ್ಗಿದರು.

ಸ್ಕ್ರೂ ಕಂಪ್ಯೂಟರಿನ ಕಡತಗಳಲ್ಲಿ ಕೋಣೆಯೊಳಗೆ ಕೋಣೆ ಹೊಕ್ಕು ಹುಡುಕಿದ. ಕೊನೆಗೆ ಬೆರಳಿಟ್ಟು ತೋರಿಸಿದ. ಹದಿಮೂರನೇ ತಾರೀಕು. ಸಂಜೆ ಆರು ನಲವತ್ತು.

ಅವನು ‘ಇರುವುದನ್ನೇ’ ಎಂಬುದನ್ನು ಒತ್ತಿದ. ಮೂಲೆಗಿಟ್ಟ ಮುದಿ ಯಂತ್ರ ಈ ಸಲ ತಡವರಿಸಲಿಲ್ಲ. ಹಾಳೆ ಎಳೆದುಕೊಂಡು, ಬಿಸಿಯಾಗಿ, ಅಚ್ಚುಕಟ್ಟಾಗಿ ಹೊರಗಿಟ್ಟಿತು. ಎಡ ಅಂಚಿನಲ್ಲಿ ಮೂರು ಚುಕ್ಕೆ.

ಭೂತಗನ್ನಡಿಯಮ್ಮ ಆ ಹಾಳೆಯನ್ನು ಡಾಕ್ಟರ ಮುಂದಿಟ್ಟರು.

“ನಾಲಗೆ ಕಿತ್ತ ಯಂತ್ರ ಅಂದ್ರಿ. ಮಾತಾಡ್ತು ನೋಡಿ.”

ಮೊದಲ ಬಾರಿಗೆ ಡಾಕ್ಟರ ಕೈ ಅಂಗಿಯ ಮೇಲಿನ ಗುಂಡಿಯನ್ನು ಹುಡುಕಿತು.

“ಬೀಗದ ಕೈ ಇಬ್ಬರ ಹತ್ರಾನೂ ಇತ್ತು.”

“ಹೌದು. ಪರೀಕ್ಷೆಗೆ ಹಾಕೋ ದ್ರಾವಣ ಹನ್ನೆರಡನೇ ತಾರೀಕೇ ಹಳಸಿತ್ತು ಅಂತ ಅವನು ನಿಮಗೆ ಎರಡು ಸಲ ಚೀಟಿ ಬರೆದಿದಾನೆ. ಹದಿಮೂರನೇ ತಾರೀಕು ಬೆಳಗ್ಗೆ ತನ್ನ ಪರಿಚಯದ ಕಡೆಯಿಂದ ಒಂದು ಸೀಸೆ ತಂದು ಪರೀಕ್ಷೆ ಮಾಡ್ದೆ, ‘ಓ’ ಬಂತು ಅಂತಾನೆ. ದ್ರಾವಣ ಇಲ್ಲ, ಪರೀಕ್ಷೆ ಆಗಿರಲ್ಲ ಅನ್ಕೊಂಡು, ಪುಸ್ತಕಾನೂ ನೋಡದೆ ಸಂಜೆ ಯಾರೋ ಅಂದಾಜಿಗೆ ‘ಬಿ’ ಅಂತ ಹೊಡೆದು ಕಳಿಸಿದಾರೆ. ಆಸ್ಪತ್ರೆಯಿಂದ ಫೋನ್ ಮೇಲೆ ಫೋನ್ ಬರ್ತಿದ್ದದ್ದು ನಿಮಗೆ.”

“ಅಮ್ಮಾ!” ಡಾಕ್ಟರು ಎದ್ದು ನಿಂತರು. ಧ್ವನಿ ಒಡೆದಿತ್ತು. “ನನ್ನ ಕೂದಲು ಬೆಳ್ಳಗಾದದ್ದು ಈ ಕೋಣೇಲಿ. ನನ್ನ ಮೊಬೈಲಿಗೆ ಚಾರ್ಜರ್ ಸಿಕ್ಕಿಸೋದೇ ನನ್ನ ಹೆಂಡತಿ. ನಾನು ಅಣ್ಣ ತಮ್ಮ ಅಂತ ಹೆಸರು ಹುಡುಕ್ಕೊಂಡು, ಈ ಹಸು ಮೂತಿ ಇಲಿ ಮೂತಿ ಎಲ್ಲಾ ಜೋಡಿಸ್ಕೊಂಡು ಕೂರ್ತೀನಾ? ಇಂಥಾ ಕೇಬಲ್ಲು ನಾನು ಕಣ್ಣಲ್ಲಿ ನೋಡ್ತಿರೋದೇ ಇವತ್ತು.”

ಇನ್‌ಸ್ಪೆಕ್ಟರು ಪ್ರಿಂಟರಿನ ಬೆನ್ನ ಕಡೆಗೆ ಬಗ್ಗಿದ್ದರು. ಗಾಯದ ಪಟ್ಟಿಯ ಮೇಲಿನ ಅಂಕಿಯನ್ನು ಪೆನ್ನಿನ ತುದಿಯಿಂದ ಮುಟ್ಟಿದರು.

“ಇದರ ಮೇಲೆ ಒಂದು ಅಂತ ಇದೆ. ಹಂಗಾದ್ರೆ ಎರಡೂ ಇರಬೇಕಲ್ಲ?”

ಸ್ಕ್ರೂ ತಲೆ ಕೆರೆದುಕೊಂಡ. “ಇತ್ತು ಸಾರ್. ಈ ಊರಲ್ಲಿ ಇಂಥವು ಇರೋದೇ ಎರಡು, ಎರಡೂ ನಂದೇ. ಎರಡನೇದು ಯಾರೋ ಕೇಳಿ ತಗೊಂಡು ಹೋದ್ರು.”

“ಯಾರು?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂದ್ರೆ?”

“ನಾನು ಬರೆದಿಡಲ್ಲ ಸಾರ್. ಕೇಳಿದೋರಿಗೆ ಕೊಡ್ತೀನಿ, ಕೆಲಸ ಆದ ಮೇಲೆ ಅವರೇ ತಂದು ಮೊಳೆಗೆ ನೇತು ಹಾಕ್ತಾರೆ. ಇಪ್ಪತ್ತು ವರ್ಷದಲ್ಲಿ ಒಂದು ತಿರುಪೂ ಕಳೆದಿಲ್ಲ. ಆವತ್ತು ನಾನು ಒಂದು ದೊಡ್ಡ ಯಂತ್ರದ ಕೆಳಗೆ ಮಲಗಿದ್ದೆ, ಕಾಲು ಮಾತ್ರ ಆಚೆ. ‘ಅಣ್ಣಾ, ಆ ಅಗಲ ಮೂತಿ ಕೇಬಲ್ ತಗೊಳ್ಲಾ, ನಾಳೆ ಕೊಡ್ತೀನಿ’ ಅಂತ ದನಿ ಬಂತು. ‘ತಗೊಳಪ್ಪ’ ಅಂದೆ. ಊರೆಲ್ಲಾ ನನ್ನ ಅಣ್ಣ ಅಂತಾನೇ ಕರೆಯೋದು.”

“ಯಾವತ್ತು?”

“ಹದಿಮೂರೇ ಇರಬೇಕು. ಮಾರನೇ ಬೆಳಗ್ಗೆ ಆ ಬಾಣಂತಿ ಸುದ್ದಿ ಕೇಳಿದ್ದು.”

ಭೂತಗನ್ನಡಿಯಮ್ಮನ ಮೈಯಲ್ಲಿ ಹಳೆಯ ಬಿಸಿಯೊಂದು ಹರಿಯಿತು. ಮೂರು ಗಂಟೆಗೆ ಇನ್ನೂ ಎರಡು ತಾಸು ಇತ್ತು. ಒಂದು ಮನೆ ಶೋಧಿಸಲು ಒಂದು ತಾಸು ಸಾಕು.

“ಹಂಗಾದ್ರೆ ವಿಷಯ ಸರಳ. ಆ ಕೇಬಲ್ಲಿಲ್ಲದೆ ಈ ಪ್ರಿಂಟರ್ ಈ ಕಂಪ್ಯೂಟರಿನ ಮಾತು ಕೇಳಲ್ಲ. ಆ ಸಂಜೆ ಒಂದನೇ ಕೇಬಲ್ಲು ಸ್ಕ್ರೂ ಚೀಲದಲ್ಲೇ ಇತ್ತು. ಎರಡನೇದು ಯಾರ ಹತ್ರ ಇದೆಯೋ ಅವರೇ ಆ ಹಾಳೆ ಮುದ್ರಿಸಿದೋರು.”

“ಇದನ್ನ ನಿಮ್ಮ ಹೇಳಿಕೆ ಅಂತ ಬರ್ಕೊಳ್ಲಾ ಮೇಡಂ? ಕೋರ್ಟಿನಲ್ಲಿ ಓದ್ತೀನಿ.”

“ಬರ್ಕೊಳ್ಳಿ. ಕೆಳಗೆ ಸಹಿ ಹಾಕ್ತೀನಿ. ಆಮೇಲೆ ಡಾಕ್ಟರ ಮನೆಗೆ ಹೋಗೋಣ.”

ಪೆನ್ನು ಕರಕರ ಓಡಿತು. ಪುಸ್ತಕ ಮುಂದೆ ಬಂತು. ಅವರು ಓದಿ, ಸಹಿ ಹಾಕಿದರು.

ಸಹಿ ಹಾಕಿ ತಲೆಯೆತ್ತಿದಾಗ ಒಂದು ವಿಚಿತ್ರ ಕಂಡರು. ಡಾಕ್ಟರ ಮುಖದ ಬಿಗಿ ಸಡಿಲವಾಗಿತ್ತು. ಅವರು ಮತ್ತೆ ಕುರ್ಚಿಯಲ್ಲಿ ಕೂತಿದ್ದರು. ಕೈ ಕಟ್ಟಿಕೊಂಡಿದ್ದರು.

“ಹೋಗೋಣ,” ಎಂದರು ಡಾಕ್ಟರು. “ಮನೆ ಪೂರ್ತಿ ಹುಡುಕಿ. ಹಾಸಿಗೆ ಬಿಚ್ಚಿ ನೋಡಿ.”

ಆ ನೆಮ್ಮದಿ ಎಲ್ಲಿಂದ ಬಂತು? ಭೂತಗನ್ನಡಿಯಮ್ಮ ಪುಸ್ತಕದಲ್ಲಿನ ತಮ್ಮ ಸಾಲುಗಳನ್ನು ಇನ್ನೊಮ್ಮೆ ಓದಿದರು. ಎಲ್ಲೋ ಒಂದು ಹೆಜ್ಜೆ ಅವಸರವಾಯಿತೇ?

ಅವರು ಕಿಂಡಿಯ ಕಡೆ ನೋಡಿದರು. ಬೆಂಚು ಖಾಲಿಯಿತ್ತು.

ಬಾಗಿಲ ಸದ್ದಾಗಲಿಲ್ಲ. ಇರುವೆ ಮಾಮನ ಹೆಂಡತಿ ಒಳಗೆ ಬಂದಿದ್ದಳು. ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟಿದ್ದಳು. ಇನ್‌ಸ್ಪೆಕ್ಟರನ್ನು ದಾಟಿ, ಡಾಕ್ಟರನ್ನು ದಾಟಿ, ಸೀದಾ ಸ್ಕ್ರೂ ಮುಂದೆ ನಿಂತಳು. ಚೀಲಕ್ಕೆ ಕೈ ಹಾಕಿ ಒಂದು ಗಂಟು ತೆಗೆದಳು. ಹೊಲಿದು ಉಳಿದ ತುಂಡುಬಟ್ಟೆ, ನಾಲ್ಕೂ ಅಂಚು ಮಡಿಚಿ ಹೊಲಿದದ್ದು. ಅದನ್ನು ಬಿಚ್ಚಿದಳು.

“ತಡ ಆಯ್ತು ಅಣ್ಣ. ಬೇಜಾರು ಮಾಡ್ಕೋಬೇಡಿ.”

ಒಂದು ತುದಿ ಹಸುವಿನ ಮೂತಿ, ಇನ್ನೊಂದು ಇಲಿಯ ಮೂತಿ. ನಡುವಿನ ಕಪ್ಪು ಗಂಟಿನ ಮೇಲೆ ಗಾಯದ ಪಟ್ಟಿ. ಪಟ್ಟಿಯ ಮೇಲೆ ‘೨’.

ಸ್ಕ್ರೂ ಎರಡೂ ಕೈ ಒಡ್ಡಿದ. ತೆಗೆದುಕೊಂಡ.

ಇನ್‌ಸ್ಪೆಕ್ಟರ ಪುಸ್ತಕ ಇನ್ನೂ ತೆರೆದೇ ಇತ್ತು. ಸಹಿಯ ಮಸಿ ಈ ತೇವದ ಹವೆಗೆ ಇನ್ನೂ ಆರಿರಲಿಲ್ಲ.

ಆ ಕೇಬಲ್ಲನ್ನು ಕಂಡು ಬೆರಗಾಗದವರು ಆ ಕೋಣೆಯಲ್ಲಿ ಒಬ್ಬರೇ ಇದ್ದರು. ಅವರು ಕುರ್ಚಿಯಲ್ಲಿ ಕೂತು, ಅದು ಯಾರ ಮನೆಯಲ್ಲಿದೆಯೆಂದು ಮೊದಲೇ ಬಲ್ಲವರಂತೆ, ಕಿಟಕಿಯಾಚೆಯ ಮೋಡ ನೋಡುತ್ತಿದ್ದರು. ಭೂತಗನ್ನಡಿಯಮ್ಮ ಅದನ್ನು ಕಂಡರು. ಆದರೆ ಕಂಡದ್ದನ್ನು ಯಾವ ಕಾಗದದ ಮೇಲೆ ತೋರಿಸುವುದು? ಕಾಗದದ ಮೇಲಿದ್ದದ್ದು ಅವರದೇ ಮಾತು, ಅವರದೇ ಸಹಿ: ಎರಡನೇ ಕೇಬಲ್ಲು ಯಾರ ಹತ್ತಿರವೋ ಅವರೇ ಮುದ್ರಿಸಿದವರು.

“ಎಲ್ಲಿತ್ತು ತಾಯಿ ಇದು?” ಎಂದರು. ತಮ್ಮ ದನಿ ತಮಗೇ ದೂರದಿಂದ ಕೇಳಿಸಿತು.

“ನಮ್ಮನೆ ಬಟ್ಟೆ ಬೀರುವಿನಲ್ಲಿ. ನಿನ್ನೆ ಜೈಲಲ್ಲಿ ನೋಡೋಕೆ ಹೋದಾಗ ನಮ್ಮನೆಯವರೇ ಹೇಳಿದ್ರು. ಸ್ಕ್ರೂ ಅಣ್ಣನ ವಸ್ತು ನಮ್ಮಲ್ಲಿ ಉಳಿದಿದೆ, ಮರೀದೆ ಮುಟ್ಟಿಸಿಬಿಡು ಅಂದ್ರು. ಯಾಕೆ ತಂದಿದ್ರಿ ಅಂತ ಕೇಳೋದರೊಳಗೆ ಹೊತ್ತಾಯ್ತು ಅಂತ ಕಾವಲಿನೋರು ಕಳಿಸಿಬಿಟ್ರು.”

“ನಾವು ಇಲ್ಲಿ ಆಡಿದ ಮಾತು ಆ ಕಿಂಡೀಲಿ ನಿನಗೆ ಕೇಳಿಸ್ಲಿಲ್ವಾ?”

“ಕೇಳಿಸ್ತು ಅಮ್ಮ.”

“ಕೇಳಿಸ್ಕೊಂಡ ಮೇಲೂ ತಂದ್ಯಾ?”

ಅವಳು ಆ ತುಂಡುಬಟ್ಟೆಯನ್ನು ಎರಡಾಗಿ, ನಾಲ್ಕಾಗಿ ಮಡಿಚಿದಳು. ಅಂಚಿಗೆ ಅಂಚು ಕೂಡಿಸಿ, ಬೆರಳಿನಿಂದ ಒತ್ತಿ, ಚೀಲದೊಳಗೆ ಇಟ್ಟುಕೊಂಡಳು.

“ಅಣ್ಣಂದು ಅಲ್ವಾ ಅಮ್ಮ ಅದು.”